ಅಹವಾಲು ಹೊತ್ತು ಬರುವ ದೆವ್ವ

ಡಿಸೆಂಬರ್ 21, 2024, ಶನಿವಾರ

ಕೊರಿಯಾದಲ್ಲಿ ಇಂದು ದೊಂಗ್‌ಜಿ, ವರ್ಷದ ಅತಿ ದೀರ್ಘ ರಾತ್ರಿ. ಕೆಂಪು ಕಾಳನ್ನು ಬೇಯಿಸಿ ಗಂಜಿ ಮಾಡಿ, ಉಣ್ಣುವ ಮೊದಲು ಅದನ್ನು ಬಾಗಿಲಿಗೂ ಗೋಡೆಗೂ ಚಿಮುಕಿಸುವ ಪದ್ಧತಿ ಅಲ್ಲಿ ಹಿಂದಿನಿಂದ ಇತ್ತು. ಕೆಂಪು ಬಣ್ಣ ಕಂಡರೆ ದುಷ್ಟಶಕ್ತಿಗಳು ಹೊಸಿಲು ದಾಟುವುದಿಲ್ಲವೆಂಬುದು ಅದರ ಹಿಂದಿನ ನಂಬಿಕೆ. ಇಂಥ ದಿನವೇ ಹೊರಾಂಗ್ ಎಂಬ ಹೆಸರಿನಲ್ಲಿ ಬರೆಯುವ ಕಲಾವಿದರ ಎರಡು ಪುಟ್ಟ ವೆಬ್‌ಟೂನ್‌ಗಳನ್ನು, ಅಂದರೆ ಅಂತರ್ಜಾಲದಲ್ಲಿ ಓದುವ ಚಿತ್ರಕಥೆಗಳನ್ನು, ಮತ್ತೊಮ್ಮೆ ಓದಿದೆ. ಎರಡೂ ಕೊರಿಯಾದ ನೇವರ್ ಜಾಲತಾಣದಲ್ಲಿ 2011ರ ಬೇಸಿಗೆಯಲ್ಲಿ, ನಿಗೂಢ ಕಥೆಗಳ ವಿಶೇಷ ಮಾಲಿಕೆಯ ಭಾಗವಾಗಿ ಪ್ರಕಟವಾದವು. ಭಯ ಮೈಯನ್ನು ತಣ್ಣಗಾಗಿಸುತ್ತದೆ ಎಂಬ ಕಾರಣಕ್ಕೆ ದೆವ್ವದ ಕಥೆಗಳನ್ನು ಸೆಕೆಗಾಲದಲ್ಲಿಯೇ ಹೊರತರುವುದು ಕೊರಿಯನ್ನರ ರೂಢಿ.

ಮೊದಲನೆಯದು ‘ಬೊಂಗ್‌ಚಿಯೊನ್-ದೊಂಗ್ ದೆವ್ವ’. ಬೊಂಗ್‌ಚಿಯೊನ್-ದೊಂಗ್ ಎಂಬುದು ದಕ್ಷಿಣ ಸೋಲ್‌ನ ಒಂದು ಬಡಾವಣೆ. ಒಂದು ಕಾಲಕ್ಕೆ ಗುಡ್ಡದ ಇಳಿಜಾರಿನಲ್ಲಿ ಬಡವರ ಮನೆಗಳು ಒತ್ತೊತ್ತಾಗಿದ್ದ ಆ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳಿವೆ. ರಾತ್ರಿ ತಡವಾಗಿ ಮನೆಗೆ ಮರಳುತ್ತಿರುವ ಶಾಲಾ ಹುಡುಗಿಯೊಬ್ಬಳಿಗೆ ಮುಂದೆ ಒಬ್ಬ ಹೆಂಗಸು ಕಾಣುತ್ತಾಳೆ. ಕೈಕಾಲುಗಳು ಸೊಟ್ಟಗಾಗಿ, ತಡವರಿಸುತ್ತ ನಡೆಯುತ್ತಿರುವ ಅವಳು ತಿರುಗಿ ನಿಂತು ತನ್ನ ಮಗು ಎಲ್ಲಿ ಎಂದು ಕೇಳುತ್ತಾಳೆ. ಹೆದರಿದ ಹುಡುಗಿ ಯಾವುದೋ ಒಂದು ದಿಕ್ಕಿಗೆ ಕೈ ತೋರಿಸುತ್ತಾಳೆ. ಹೆಂಗಸು ಅತ್ತ ಹೋಗುತ್ತಾಳೆ; ಆಮೇಲೆ, ಮಗು ಅಲ್ಲಿಲ್ಲವೆಂದು ಕಿರುಚುತ್ತ ಓಡಿ ಬರುತ್ತಾಳೆ. ಮಗುವನ್ನು ಕಳೆದುಕೊಂಡು ಅದೇ ಕಟ್ಟಡದಲ್ಲಿ ಪ್ರಾಣಬಿಟ್ಟ ತಾಯಿ ಅವಳು ಎಂಬುದು ಕಡೆಯಲ್ಲಿ ತಿಳಿಯುತ್ತದೆ.

ಈ ಕಥೆ ಜಗತ್ತಿನಾದ್ಯಂತ ಹಬ್ಬಿದ್ದು ಅದರ ತಂತ್ರದಿಂದ. ವೆಬ್‌ಟೂನಿನಲ್ಲಿ ಪುಟ ಮಗುಚುವ ಕೆಲಸವಿಲ್ಲ. ಓದುಗ ಮೇಲಿನಿಂದ ಕೆಳಕ್ಕೆ ಚಿತ್ರಗಳನ್ನು ಸರಿಸುತ್ತ ಹೋಗುತ್ತಾನೆ, ವೇಗ ಅವನ ಬೆರಳಿನ ಹಿಡಿತದಲ್ಲಿರುತ್ತದೆ. ಹೊರಾಂಗ್ ಎರಡು ಕಡೆ ಆ ಹಿಡಿತವನ್ನು ಕಿತ್ತುಕೊಂಡರು. ಓದುಗ ಒಂದು ಗುರುತಿನ ಜಾಗಕ್ಕೆ ಬಂದೊಡನೆ ಪುಟ ತಾನಾಗಿಯೇ ಸರಿಯತೊಡಗಿ, ಶಬ್ದದೊಂದಿಗೆ ಚಿತ್ರಗಳು ಪಟಪಟನೆ ಓಡಿ, ನಿಂತಿದ್ದ ಹೆಂಗಸು ಕತ್ತು ಹೊರಳಿಸುತ್ತಾಳೆ, ಇನ್ನೊಂದೆಡೆ ನೇರವಾಗಿ ನಮ್ಮತ್ತಲೇ ನುಗ್ಗುತ್ತಾಳೆ. ಬೆಚ್ಚಿಬಿದ್ದವರ ಮುಖಗಳನ್ನು ಚಿತ್ರೀಕರಿಸಿ ಹಂಚಿಕೊಂಡವರಿಗೆ ಲೆಕ್ಕವಿಲ್ಲ. ಆದರೆ ಕಥೆಯ ನಿಜವಾದ ಬಲ ಆ ಬೆಚ್ಚುವಿಕೆಯಲ್ಲಿ ಇಲ್ಲವೆಂದು ನನಗೆ ದೃಢವಾಗಿ ಅನಿಸುತ್ತದೆ. ಮುಂದೇನಾಗುತ್ತದೆಂದು ಪೂರ್ತಿ ಗೊತ್ತಿದ್ದೂ ಇಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ಪ್ರಶ್ನೆ. ಅವಳು ಹೆದರಿಸಲು ಬಂದವಳಲ್ಲ, ವಿಚಾರಿಸಲು ಬಂದವಳು.

ಇದನ್ನು ಅರಿಯಲು ಕೊರಿಯಾದ ಹಳೆಯ ಜನಪದ ಕಥೆಯೊಂದರ, ಮಿರ್ಯಾಂಗ್‌ನ ಅರಾಂಗ್ ಕಥೆಯ ಬಳಿಗೆ ಹೋಗಬೇಕು. ದಕ್ಷಿಣದ ಗ್ಯೊಂಗ್‌ಸಾಂಗ್ ಪ್ರಾಂತ್ಯದ ಮಿರ್ಯಾಂಗ್ ಊರಿನಲ್ಲಿ, ನ್ಯಾಯವನ್ನೂ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಮಗಳು ಅರಾಂಗ್. ಅವಳನ್ನು ಬಯಸಿದ ಕಚೇರಿಯ ನೌಕರನೊಬ್ಬ ದಾದಿಯನ್ನು ಒಳಗೆ ಹಾಕಿಕೊಂಡು, ಹುಣ್ಣಿಮೆ ನೋಡುವ ನೆಪದಲ್ಲಿ ಅವಳನ್ನು ನದಿಯಂಚಿನ ಯೊಂಗ್‌ನಾಮ್ರು ಮಂಟಪಕ್ಕೆ ಕರೆಸಿ, ಅವಳು ಪ್ರತಿಭಟಿಸಿದಾಗ ಇರಿದು ಕೊಂದು, ಹೆಣವನ್ನು ಬಿದಿರು ಮೆಳೆಯಲ್ಲಿ ಎಸೆದ. ಮಗಳು ಯಾರೊಡನೆಯೋ ಓಡಿಹೋದಳೆಂದು ನಂಬಿದ ತಂದೆ ನಾಚಿಕೆಯಿಂದ ಊರು ಬಿಟ್ಟ. ಅಲ್ಲಿಂದ ಮುಂದೆ ಆ ಹುದ್ದೆಗೆ ಬಂದ ಪ್ರತಿಯೊಬ್ಬ ಅಧಿಕಾರಿಯೂ ಮೊದಲ ರಾತ್ರಿಯೇ ಸತ್ತುಬೀಳತೊಡಗಿದ. ಕೊನೆಗೆ ಧೈರ್ಯವಂತನೊಬ್ಬ ತಾನಾಗಿ ಆ ಹುದ್ದೆಯನ್ನು ಕೇಳಿ ಪಡೆದು, ದೀಪ ಹಚ್ಚಿಕೊಂಡು ಕಾದು ಕುಳಿತ; ಕೂದಲು ಕೆದರಿಕೊಂಡು, ರಕ್ತ ಸೋರುತ್ತ ಬಂದ ಅರಾಂಗಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಮರುದಿನ ತಾನು ಚಿಟ್ಟೆಯಾಗಿ ಬಂದು ಕೊಲೆಗಾರನ ಟೋಪಿಯ ಮೇಲೆ ಕೂರುವೆನೆಂದು ಹೇಳಿ ಹೋದ ಅವಳು ಹಾಗೆಯೇ ಮಾಡಿದಳು. ಅಪರಾಧಿಗೆ ಶಿಕ್ಷೆಯಾದ ಮೇಲೆ ಅವಳು ಮತ್ತೆ ಯಾರಿಗೂ ಕಾಣಿಸಲಿಲ್ಲ. ಮಿರ್ಯಾಂಗ್‌ನಲ್ಲಿ ಅವಳ ಹೆಸರಿನ ಗುಡಿ ಇಂದಿಗೂ ಇದೆ.

ಸತ್ತ ಅಧಿಕಾರಿಗಳಲ್ಲಿ ಒಬ್ಬನನ್ನೂ ಅರಾಂಗ್ ಕೊಂದಿರಲಿಲ್ಲ ಎಂಬುದನ್ನು ಮರೆಯಬಾರದು. ಅವಳು ಅಹವಾಲು ಹೇಳಲು ಬಂದಿದ್ದಳು, ಅವರು ಕೇಳಿಸಿಕೊಳ್ಳುವ ಮೊದಲೇ ಹೆದರಿ ಸತ್ತರು. ಉತ್ತರದ ಚೊಲ್‌ಸಾನ್‌ನ ಜಾಂಗ್‌ಹ್ವಾ ಮತ್ತು ಹೊಂಗ್ರ್ಯೊನ್ ಎಂಬ ಅಕ್ಕತಂಗಿಯರ ಕಥೆಯೂ ಹೀಗೆಯೇ ಸಾಗುತ್ತದೆ. ಅಲ್ಲಿಯೂ ಮಲತಾಯಿಯ ಸಂಚಿಗೆ ಬಲಿಯಾದ ಹುಡುಗಿಯರು ಊರಿನ ಅಧಿಕಾರಿಯ ಮುಂದೆಯೇ ಬಂದು ನಿಲ್ಲುತ್ತಾರೆ. ಬದುಕಿದ್ದಾಗ ಕಚೇರಿಯ ಮೆಟ್ಟಿಲು ಹತ್ತಲಾಗದ ಹೆಣ್ಣು ಸತ್ತ ಮೇಲೆ ಹತ್ತುತ್ತಾಳೆ ಎಂಬ ಈ ಕಲ್ಪನೆಯಲ್ಲಿ ಆ ಸಮಾಜದ ಬಗ್ಗೆ ಎಷ್ಟು ಕಠೋರವಾದ ಸತ್ಯವಿದೆಯೋ, ನ್ಯಾಯದ ಮೇಲೆ ಅಷ್ಟೇ ದೊಡ್ಡ ನಂಬಿಕೆಯೂ ಇದೆ.

ಬೊಂಗ್‌ಚಿಯೊನ್-ದೊಂಗ್‌ನ ತಾಯಿಗೆ ಇಲ್ಲದಿರುವುದು ಆ ಅಧಿಕಾರಿ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಅಷ್ಟು ಹೊತ್ತಿನಲ್ಲಿ ಅವಳಿಗೆ ಎದುರಾದದ್ದು ಒಬ್ಬ ಬಾಲಕಿ ಮಾತ್ರ. ಅವಳು ಕೇಳುವುದು ಅರಾಂಗ್ ಕೇಳಿದಷ್ಟೇ ನ್ಯಾಯವಾದುದು. ಆದರೆ ಉತ್ತರ ಕೊಡುವ ಶಕ್ತಿಯಾಗಲಿ ಹೊಣೆಯಾಗಲಿ ಆ ಹುಡುಗಿಗೆ ಇಲ್ಲ. ಭಯದಿಂದ ಸುಮ್ಮನೆ ಎತ್ತಲೋ ಕೈ ತೋರಿಸುವುದು ಎಂಥ ಕ್ರೌರ್ಯ ಎಂಬುದು ಆ ಹೆಂಗಸು ಮರಳಿ ಓಡಿಬರುವಾಗ ಗೊತ್ತಾಗುತ್ತದೆ, ಹಾಗಿದ್ದರೂ ಹುಡುಗಿಯನ್ನು ದೂರಲು ಮನಸ್ಸು ಬರುವುದಿಲ್ಲ. ಹಳೆಯ ಕಥೆ ಬೆಳಗಿನ ವಿಚಾರಣೆಯವರೆಗೆ ಸಾಗಿ ಮುಗಿಯುತ್ತಿತ್ತು. ಇಲ್ಲಿ ಬೆಳಗಾದರೂ ವಿಚಾರಣೆ ನಡೆಯುವುದಿಲ್ಲ, ಆದ್ದರಿಂದ ಹೆಂಗಸಿನ ಅಲೆದಾಟವೂ ನಿಲ್ಲುವುದಿಲ್ಲ.

ಎರಡನೆಯ ವೆಬ್‌ಟೂನ್ ‘ಒಕ್ಸು ನಿಲ್ದಾಣದ ದೆವ್ವ’ ಬೇರೆ ವಂಶಕ್ಕೆ ಸೇರಿದ್ದು. ಒಕ್ಸು ನಿಲ್ದಾಣ ಇರುವುದು ಹಾನ್ ನದಿಯ ದಡದಲ್ಲಿ. ಸೋಲ್ ಮೆಟ್ರೊದ ಮೂರನೆಯ ಮಾರ್ಗ ಅಲ್ಲಿಂದಲೇ ಸೇತುವೆ ಹತ್ತಿ ನದಿ ದಾಟುತ್ತದೆ. ರಾತ್ರಿಯ ಪ್ಲಾಟ್‌ಫಾರಂನಲ್ಲಿ ತೂರಾಡುವ ಹೆಂಗಸನ್ನು ಕಂಡವನ ಈ ಕಥೆಯಲ್ಲಿ ಕೈಯೊಂದು ನಮ್ಮತ್ತ ಚಾಚುತ್ತದೆ. ಈ ದೆವ್ವಕ್ಕೆ ಅಹವಾಲು ಇಲ್ಲ, ಅದು ಎಳೆದುಕೊಳ್ಳುತ್ತದೆ, ಅಷ್ಟೆ. ಕಲೆಯ ದೃಷ್ಟಿಯಿಂದ ಇದು ಮೊದಲಿನದಕ್ಕಿಂತ ಕಡಿಮೆಯೇ. ಆದರೂ ನೀರಿನಲ್ಲಿ ಸತ್ತು, ಒಂಟಿತನ ತಾಳಲಾರದೆ ಈಜುವವರ ಕಾಲು ಹಿಡಿದು ಎಳೆಯುವ ಮುಲ್‌ಗ್ವಿಶಿನ್ ಎಂಬ ಜಾನಪದ ದೆವ್ವದ ನೆರಳು ಅದರಲ್ಲಿ ನನಗೆ ಕಾಣುತ್ತದೆ.

ಆ ವಂಶದಲ್ಲಿ ಅತ್ಯಂತ ಭಯಾನಕವಾದದ್ದು ಚಾಂಗ್‌ಗ್ವಿ. ಹುಲಿಯ ಬಾಯಿಗೆ ಸಿಕ್ಕಿ ಸತ್ತವರು ಆ ಹುಲಿಯ ಆಳಾಗಿ, ತಮ್ಮ ಬಿಡುಗಡೆಗಾಗಿ ಇನ್ನೊಬ್ಬರನ್ನು ಅದಕ್ಕೆ ಒಪ್ಪಿಸಬೇಕು. ಅದಕ್ಕಾಗಿ ರಾತ್ರಿ ನೆಂಟರ, ಪರಿಚಿತರ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಾರೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುದನ್ನು ಕಂಡು ಬೆಳೆದ ನಮಗೆ ಪರಿಚಿತ ದನಿಯ ಕೂಗಿನ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಕೊರಿಯಾದ ಲೇಖಕ ಪಾರ್ಕ್ ಜಿ-ವೊನ್ 1780ರಲ್ಲಿ ಚೀನಾಕ್ಕೆ ಹೋಗಿಬಂದು ಬರೆದ ಪ್ರವಾಸದ ದಿನಚರಿಯೊಳಗೆ ಹುಲಿಯೊಂದು ವಿದ್ವಾಂಸನನ್ನು ಬಯ್ಯುವ ಕಥೆ ಬರುತ್ತದೆ. ಅಲ್ಲಿ ಈ ಚಾಂಗ್‌ಗ್ವಿಗಳು ಹುಲಿಗೆ ಊಟದ ಸಲಹೆ ಕೊಡುವ ಸೇವಕರು.

ಗಾಂಗ್‌ವೊನ್ ಪ್ರಾಂತ್ಯದ ತೇಬೆಕ್ ಸುತ್ತಿನ ಬೆಟ್ಟಗಳಲ್ಲಿ ಹುಲಿಗೆ ಬಲಿಯಾದವರ ಸಮಾಧಿಗಳು ಇನ್ನೂ ಉಳಿದಿವೆ. ಸಿಕ್ಕ ಅವಶೇಷವನ್ನು ಅಲ್ಲಿಯೇ ಸುಟ್ಟು, ಮೇಲೆ ಕಲ್ಲು ಪೇರಿಸಿ, ಹಬೆಯಲ್ಲಿ ಅಡುಗೆ ಬೇಯಿಸುವ ತೂತುಗಳುಳ್ಳ ಮಣ್ಣಿನ ಪಾತ್ರೆಯನ್ನು ಅದರ ಮೇಲೆ ಬೋರಲು ಹಾಕಿ, ತೂತಿನೊಳಕ್ಕೆ ನೂಲುವ ರಾಟೆಯ ಕದಿರನ್ನು ಚುಚ್ಚಿ ನಿಲ್ಲಿಸುತ್ತಿದ್ದರು. ಕದಿರು ಇದ್ದಲ್ಲಿಯೇ ಸುತ್ತುವಂತೆ ಸತ್ತವನೂ ಅಲ್ಲಿಯೇ ಸುತ್ತುತ್ತಿರಲಿ, ಊರಿನ ಕಡೆ ಬಾರದಿರಲಿ ಎಂಬುದು ಅದರ ಉದ್ದೇಶ. ಸತ್ತವನು ಅದೇ ಮನೆಯ ಮಗನೋ ತಂದೆಯೋ ಆಗಿರುತ್ತಿದ್ದ ಎಂಬುದನ್ನು ನೆನೆದರೆ, ಆ ಕದಿರನ್ನು ಚುಚ್ಚಿದ ಕೈಗಳ ಸಂಕಟ ಯಾವ ದೆವ್ವದ ಚಿತ್ರಕ್ಕಿಂತಲೂ ಹೆಚ್ಚು ಕಾಡುತ್ತದೆ. ಬೊಂಗ್‌ಚಿಯೊನ್-ದೊಂಗ್‌ನ ತಾಯಿಯನ್ನು ಬರೆದ ಕೈಯೇ ಈ ಸಮಾಧಿಯನ್ನೂ ಬರೆಯಲಿ ಎಂಬುದು ನನ್ನ ಆಸೆ: ಪೇರಿಸಿದ ಕಲ್ಲಿನಿಂದ ಆರಂಭಿಸಿ, ಬೆಟ್ಟದ ದಾರಿಯುದ್ದಕ್ಕೂ ಕೆಳಕ್ಕೆ ಸರಿಯುತ್ತ, ಹೆಸರು ಕೇಳಿಬರುವ ಆ ಮನೆಯ ಬಾಗಿಲಿಗೆ ಓದುಗನನ್ನು ಅವನ ಬೆರಳಿನಿಂದಲೇ ತಂದು ನಿಲ್ಲಿಸುವಂಥದ್ದು, ಈ ಸಲ ಪುಟ ತಾನಾಗಿ ಸರಿಯುವ ತಂತ್ರವೂ ಬೇಡ.