ತೋಹೋ ಹುಚ್ಚು

ಗುಂಡಿನ ಮಳೆಯಿಂದ ತಪ್ಪಿಸ್ಕೊಂಡು ಹೋಗೋ ಬುಲೆಟ್ ಹೆಲ್ ಗೇಮ್ ಅಂದ್ರೆ ಸ್ಕ್ರೀನ್ ನೋಡಿದ ತಕ್ಷಣ "ಅಯ್ಯೋ ಇದು ನಮ್ ಕೈಲಾಗಲ್ಲಪ್ಪ" ಅನ್ನೋರೇ ಜಾಸ್ತಿ, ಆದ್ರೆ ತೋಹೋ ಅನ್ನೋ ಈ ಥರದ ಗೇಮ್ ಸರಣಿ ಸ್ವಲ್ಪ ಆಡಿದ್ರೆ ಗೊತ್ತಾಗುತ್ತೆ, ಸ್ಕ್ರೀನ್ ತುಂಬಾ ಗುಂಡು ಇದ್ರೂ ನಮ್ಗೆ ಏಟು ಬೀಳೋ ಜಾಗ ಮೈ ಮಧ್ಯದ ಒಂದು ಸಣ್ಣ ಚುಕ್ಕೆ ಅಷ್ಟೇ, ತಲೆ ಮೇಲೆ ಗುಂಡು ಹಾದು ಹೋದ್ರೂ ಏನೂ ಆಗಲ್ಲ. ಶಿಫ್ಟ್ ಒತ್ತಿ ಹಿಡಿದ್ರೆ ನಿಧಾನಕ್ಕೆ ಸರೀಬೋದು, ಗುಂಡಿನ ಪಕ್ಕದಲ್ಲೇ ಸವರ್ಕೊಂಡು ಹೋದ್ರೆ ಗ್ರೇಜ್ ಅಂತ ಲೆಕ್ಕಕ್ಕೆ ಬೇರೆ ಬರುತ್ತೆ! ಅಲ್ಲೇ ಮಜಾ ಇರೋದು.

ಇದನ್ನ ಮಾಡಿದ್ದು ಜಪಾನಿನ ಝುನ್ ಅನ್ನೋ ಒಬ್ಬರೇ, ಪ್ರೋಗ್ರಾಮಿಂಗ್, ಚಿತ್ರ, ಮ್ಯೂಸಿಕ್ ಎಲ್ಲಾ ಅವರದ್ದೇ. ಚಿತ್ರ ಅಷ್ಟಕ್ಕಷ್ಟೇ (ಫ್ಯಾನ್ಸ್ ಬೈಬೇಡಿ), ಮ್ಯೂಸಿಕ್ ಮಾತ್ರ ತಲೆಯಿಂದ ಇಳಿಯಲ್ಲ.

2002ರ ಎಂಬಾಡಿಮೆಂಟ್ ಆಫ್ ಸ್ಕಾರ್ಲೆಟ್ ಡೆವಿಲ್ ಅನ್ನೋ ತೋಹೋ ಗೇಮಲ್ಲಿ ಎರಡನೇ ಸ್ಟೇಜಿಗೆ ಚಿರ್ನೋ ಅಂತ ಒಬ್ಳು ಐಸ್ ಫೇರಿ ಬರ್ತಾಳೆ, ಈಸಿ ಮೋಡಲ್ಲಿ ಅವಳ ಐಸಿಕಲ್ ಫಾಲ್ ಅನ್ನೋ ದಾಳಿ ಶುರುವಾದ್ರೆ ಎರಡೂ ಕಡೆಯಿಂದ ಗುಂಡು ಸುರಿಯುತ್ತೆ, ಆದ್ರೆ ಸೀದಾ ಹೋಗಿ ಅವಳ ಮೂತಿ ಮುಂದೇನೇ ನಿಂತ್ಬಿಟ್ರೆ ಒಂದೂ ತಾಗಲ್ಲ, ಆರಾಮಾಗಿ ಹೊಡೀತಾ ನಿಂತ್ಕೋಬೋದು. ಇವಳನ್ನ ಎಲ್ಲರೂ ಪೆದ್ದಿ ಅಂತ ರೇಗ್ಸೋದು ಸುಮ್ನೆ ಅಲ್ಲ ಬಿಡಿ. ಅದೇ ಧೈರ್ಯದಲ್ಲಿ ನಾರ್ಮಲ್ ಮೋಡಲ್ಲೂ ಹೋಗಿ ನಿಂತ್ರೆ ನೆಟ್ಟಗೆ ಹಳದಿ ಗುಂಡು ಮುಖಕ್ಕೇ ಬರುತ್ತೆ, ಹುಷಾರು.