ಕಣ್ಣಿಗೆ ಕಾಣದ ತೊಡಕು

ತರಗತಿಯಲ್ಲಿ ಜಾಸ್ತಿ ಬೈಸಿಕೊಳ್ಳುವವರು ಸಣ್ಣಪುಟ್ಟ ತೊಡಕಿರುವ ಮಕ್ಕಳೇ, ಅಲ್ವಾ? ಗಾಲಿಕುರ್ಚಿ ಎಲ್ಲರಿಗೂ ಕಾಣುತ್ತದೆ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಷ್ಟವಾಗುವ ತೊಡಕು, ಕಾಣುವುದಿಲ್ಲ, ಹಾಗಾಗಿ 'ಸೋಮಾರಿ' ಅನ್ನೋ ಹಣೆಪಟ್ಟಿ ಬೀಳುತ್ತದೆ.

ಶಿಕ್ಷಕರನ್ನು ಸುಮ್ನೆ ದೂರಿ ಪ್ರಯೋಜನವಿಲ್ಲ. ಅವರಿಗೆ ಕೊಡುವ ಎಷ್ಟೋ ತರಬೇತಿಗಳಲ್ಲಿ ಇಂಥ ತೊಡಕುಗಳ ವ್ಯಾಖ್ಯೆಗಳ ಸ್ಲೈಡ್ ತೋರಿಸಿ ಕಳಿಸುತ್ತಾರೆ. ಮಾರನೇ ದಿನ ತರಗತಿಯಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ.

"ಪುಸ್ತಕ ತೆಗೀರಿ, ನಲವತ್ತನೇ ಪುಟ, ಮೂರನೇ ಲೆಕ್ಕ ಮಾಡಿ, ಉತ್ತರದ ಕೆಳಗೆ ಗೆರೆ ಎಳೀರಿ." ಒಂದೇ ಉಸಿರಿಗೆ ಇಷ್ಟು ಹೇಳಿದರೆ, ಗಮನ ನಿಲ್ಲದ ಮಗು ಪುಸ್ತಕ ತೆಗೆದು ಪಕ್ಕದವರ ಮುಖ ನೋಡುತ್ತಾ ಕೂರುತ್ತದೆ. ಒಂದೊಂದಾಗಿ ಹೇಳಿ, ಬೋರ್ಡಿನ ಮೇಲೂ ಬರೆದರೆ ಅದಕ್ಕೂ ದಾರಿ ಸಿಗುತ್ತದೆ. ಕಿವಿ ಸ್ವಲ್ಪ ಮಂದವಿದ್ದರೆ, ಬೋರ್ಡಿನ ಕಡೆ ತಿರುಗಿ ಆಡಿದ ಮಾತು ಅರ್ಧ ಹೋದಂತೆಯೇ. ತುಟಿ ಕಾಣಬೇಕಲ್ಲ! ಪ್ರಶ್ನೆ ಕೇಳಿ, ಮಗು ಯೋಚಿಸಲಿ ಅಂತ ಮೂರು ಸೆಕೆಂಡ್ ಕಾಯುವುದಂತೂ ಕೇಳೋಕೆ ಸುಲಭ, ಮಾಡೋಕೆ ಕಷ್ಟ.

ಇಂಥ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು, ಶಿಕ್ಷಕರನ್ನು ಅದಕ್ಕೆ ಸಜ್ಜುಗೊಳಿಸಬೇಕು ಅಂತ 1994ರಲ್ಲೇ ಸ್ಪೇನ್‌ನ ಸಲಾಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಒಪ್ಪಿದ್ದರು. ಕಾಗದದಲ್ಲೇನೋ ಎಲ್ಲ ಚೆನ್ನಾಗಿದೆ. ನನ್ನ ಆಸೆ ಇಷ್ಟೇ: ತರಬೇತಿ ಕೊಡುವವರು ಹಿಂದಿನ ಬೆಂಚಲ್ಲಿ ಕೂತು ಒಂದು ಪೂರ್ತಿ ಪಾಠ ನೋಡಲಿ, ಆಮೇಲೆ ಮಾತಾಡಲಿ.