ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ ಬರುತ್ತಿಲ್ಲ

ವರ್ಚುವಲ್ ಡೆಸ್ಕ್‌ಟಾಪ್, ಅಂದರೆ ಎಲ್ಲರ ಕಂಪ್ಯೂಟರನ್ನೂ ಸರ್ವರ್ ಮೇಲೆ ಓಡಿಸಿ ಮೇಜಿಗೆ ಪರದೆಯನ್ನಷ್ಟೇ ತಲುಪಿಸುವ ವ್ಯವಸ್ಥೆ, ಹಾಕಿಸಿದರೆ ಹಣ ಉಳಿಯುತ್ತದೆ ಎಂದು ಯಾರಾದರೂ ಹೇಳಿದಾಗ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ವಾದಿಸಿ ಫಲವಿಲ್ಲ. ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವನು ನಾನು. ಮೇಜಿನ ಮೇಲಿನ ಪೆಟ್ಟಿಗೆಗೆ ಹಾಕುತ್ತಿದ್ದ ಹಣ ಸರ್ವರ್ ಕೋಣೆಗೆ ಹೋಗುತ್ತದೆ, ಪರವಾನಗಿಯ ಖರ್ಚು ಅದರ ಬೆನ್ನಿಗೆ ಬರುತ್ತದೆ. ಉಳಿಯುವುದೇನಿದ್ದರೂ ದುರಸ್ತಿಗೆಂದು ಮೇಜಿನಿಂದ ಮೇಜಿಗೆ ಅಲೆಯುವ ಓಡಾಟ.

ನಾವು ಇದನ್ನು ಹಾಕಿಕೊಟ್ಟ ಹುಬ್ಬಳ್ಳಿಯ ಕಚೇರಿಯೊಂದರವರು ಈ ದಾರಿ ಹಿಡಿದದ್ದು ಉಳಿತಾಯಕ್ಕಾಗಿ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದು ಅಥವಾ ಅದರ ಈಚಿನದು ಇರಬೇಕು. ಅವರಲ್ಲಿದ್ದ ಯಂತ್ರಗಳ ಪೈಕಿ ಮುಕ್ಕಾಲು ಪಾಲು ಅದಕ್ಕಿಂತ ಹಳೆಯವು. 240 ಕಂಪ್ಯೂಟರ್ ಕೊಳ್ಳುವ ಕಡತ ಮೇಲಿನವರೆಗೆ ಹೋಗಿ ಷರಾ ಹೊತ್ತು ವಾಪಸು ಬಂತು. ಸರ್ವರ್ ಕೊಳ್ಳುವ ಕಡತ ಮಂಜೂರಾಯಿತು. ಎರಡರ ಮೊತ್ತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಲೆಕ್ಕ ಶೀರ್ಷಿಕೆ ಬೇರೆ ಬೇರೆ, ಅಷ್ಟೇ. ಕಚೇರಿಗಳಲ್ಲಿ ತಂತ್ರಜ್ಞಾನದ ದಿಕ್ಕನ್ನು ತೀರ್ಮಾನಿಸುವುದು ಹಲವು ಸಲ ಈ ಲೆಕ್ಕ ಶೀರ್ಷಿಕೆಯೇ.

ಹಳೆಯ ಕಂಪ್ಯೂಟರುಗಳನ್ನು ಎಸೆಯಲಿಲ್ಲ. ಅವುಗಳ ಡಿಸ್ಕ್ ಅಳಿಸಿ ಪುಟ್ಟದೊಂದು ಲಿನಕ್ಸ್ ಹಾಕಿದೆವು. ಬಟನ್ ಒತ್ತಿದರೆ ಅರ್ಧ ನಿಮಿಷದಲ್ಲಿ ಲಾಗಿನ್ ಕಿಟಕಿ ತೆರೆಯುತ್ತದೆ, ಬೇರೇನೂ ಇಲ್ಲ. ನಿಜವಾದ ವಿಂಡೋಸ್ 11 ಕೆಳಮಹಡಿಯ ಸರ್ವರ್‌ಗಳಲ್ಲಿ ಓಡುತ್ತದೆ. ಟಿಪಿಎಂ ಕೂಡ ಅಲ್ಲಿ ವರ್ಚುವಲ್. ಒಬ್ಬೊಬ್ಬರಿಗೆ ಎರಡು ವರ್ಚುವಲ್ ಸಿಪಿಯು, 8 ಜಿಬಿ ಮೆಮೊರಿ ಎಂದು ಲೆಕ್ಕ ಹಾಕಿದರೆ 240 ಜನಕ್ಕೆ 1,920 ಜಿಬಿ. ತಲಾ 512 ಜಿಬಿಯ ಐದು ಸರ್ವರ್ ತರಿಸಿದ್ದು ಅದಕ್ಕೇ. ಒಂದು ಮಲಗಿದರೂ ಉಳಿದ ನಾಲ್ಕರಲ್ಲಿ ಎಲ್ಲರೂ ಹಿಡಿಸಬೇಕು. ಈ ಡೆಸ್ಕ್‌ಟಾಪ್‌ಗಳನ್ನು ನಡೆಸುವ ತಂತ್ರಾಂಶ ಹೊರೈಜನ್. ಅದರದ್ದೇ ಒಂದು ಪುರಾಣ. ವಿಎಂವೇರ್ ಕಂಪನಿಯ ಮನೆಯಲ್ಲಿದ್ದ ಈ ಕೂಸು, 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಮನೆಯನ್ನೇ ಕೊಂಡ ಮೇಲೆ ಮಾರಾಟಕ್ಕೆ ಬಂತು. 2024ರಿಂದ ಆಮ್ನಿಸಾ ಎಂಬ ಬೇರೆ ಕಂಪನಿಯ ಪಾಲಾಗಿದೆ. ಟೆಂಡರ್ ಕಾಗದ ಸಿದ್ಧಪಡಿಸಿದ ಗುಮಾಸ್ತರು ಕಂಪನಿಯ ಹೆಸರನ್ನು ಹೊಡೆದುಹಾಕಿ ಮತ್ತೆ ಬರೆಯಬೇಕಾಗಿ ಬಂದು ನಮ್ಮ ಮೇಲೆ ಸಿಡುಕಿದ್ದರು.

ಒಳಗಿನ ವ್ಯವಸ್ಥೆ ಸರಳ. ಎಲ್ಲ ತಂತ್ರಾಂಶ ಹಾಕಿದ ಒಂದು ಮಾದರಿ ಯಂತ್ರ ಇರುತ್ತದೆ, ಗೋಲ್ಡನ್ ಇಮೇಜ್ ಎನ್ನುತ್ತೇವೆ. ಅದರ ಪ್ರತಿಗಳೇ ಎಲ್ಲರಿಗೂ ಸಿಗುವ ಡೆಸ್ಕ್‌ಟಾಪ್. ಸಂಜೆ ಲಾಗ್ ಆಫ್ ಆದೊಡನೆ ಆ ಪ್ರತಿ ಅಳಿದು ಹೊಸದು ಹುಟ್ಟುತ್ತದೆ. ಬಳಕೆದಾರರ ಸ್ವಂತದ ಕಡತ, ಸೆಟ್ಟಿಂಗ್, ಬ್ರೌಸರಿನ ಬುಕ್‌ಮಾರ್ಕ್ ಎಲ್ಲ ಬೇರೊಂದು ಕಡೆ ಪ್ರೊಫೈಲ್ ಡಿಸ್ಕಿನಲ್ಲಿದ್ದು, ಲಾಗಿನ್ ಆದಾಗ ಬಂದು ಜೋಡಿಕೊಳ್ಳುತ್ತದೆ. ಇದಕ್ಕೆ ನಾವು ಬಳಸಿದ್ದು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಎಫ್‌ಎಸ್‌ಲಾಜಿಕ್ಸ್.

ಹೊಸ ವ್ಯವಸ್ಥೆಯ ಮೊದಲ ದಿನವಾದ ಸೋಮವಾರ ಹತ್ತು ಗಂಟೆಗೆ ಎಲ್ಲರೂ ಒಟ್ಟಿಗೆ ಬಂದು ಕೂರುತ್ತಾರೆಂದು ಗೊತ್ತಿತ್ತು. ಖಾಸಗಿ ಕಂಪನಿಗಳಲ್ಲಿ ಜನ ಎಂಟರಿಂದ ಹನ್ನೊಂದರವರೆಗೆ ಚದುರಿ ಬರುತ್ತಾರೆ. ಹಾಜರಾತಿ ಪುಸ್ತಕ ಇರುವ ಕಚೇರಿಯಲ್ಲಿ ಹತ್ತಕ್ಕೆ ಬಾಗಿಲು ತೆರೆದ ಹಾಗೆ ನುಗ್ಗುತ್ತಾರೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಎಲ್ಲ ಡೆಸ್ಕ್‌ಟಾಪ್‌ಗಳನ್ನೂ ಎಬ್ಬಿಸಿ ಇಟ್ಟಿದ್ದೆವು. ಪರೀಕ್ಷೆಯ ಹೊತ್ತಿಗೆ ಲಾಗಿನ್‌ಗೆ 35 ಸೆಕೆಂಡು ಹಿಡಿಯುತ್ತಿತ್ತು. ಅಂದು ನಾಲ್ಕು ನಿಮಿಷ.

ನಾಲ್ಕು ನಿಮಿಷ ಎಂದರೆ ಎಷ್ಟು ಹೊತ್ತು ಎಂಬುದು ನೀಲಿ ಪರದೆಯಲ್ಲಿ ಚುಕ್ಕಿಗಳು ಸುತ್ತುವುದನ್ನು 240 ಜನ ಒಟ್ಟಿಗೆ ನೋಡುತ್ತಿರುವಾಗ ತಿಳಿಯುತ್ತದೆ. ಸರ್ವರ್ ನೋಡಿದರೆ ಸಿಪಿಯು ಆರಾಮಾಗಿದೆ, ಸ್ಟೋರೇಜ್ ಆಕಳಿಸುತ್ತಿದೆ, ನೆಟ್‌ವರ್ಕ್ ಖಾಲಿ. ಎಲ್ಲೂ ಒತ್ತಡವಿಲ್ಲದೆ ನಿಧಾನವಾಗುತ್ತಿದೆ ಎಂದರೆ ಯಾವುದೋ ಒಂದು ಯಾರದೋ ಉತ್ತರಕ್ಕೆ ಕಾಯುತ್ತಾ ಕುಳಿತಿದೆ ಎಂದರ್ಥ. ಲಾಗಿನ್‌ನ ದಾಖಲೆ ಬಿಚ್ಚಿದಾಗ ಸಿಕ್ಕಿದ್ದು ಒಂದು ಹಳೆಯ ಲಾಗಿನ್ ಸ್ಕ್ರಿಪ್ಟ್. ಲಾಗಿನ್ ಆದೊಡನೆ ತಾನಾಗಿ ನಡೆಯುವ ಆಜ್ಞೆಗಳ ಪಟ್ಟಿ, ಯಾವ ಕಾಲದಲ್ಲೋ ಬರೆದದ್ದು. ಆರು ಪ್ರಿಂಟರುಗಳನ್ನು ಜೋಡಿಸು ಎಂದು ಅದರಲ್ಲಿತ್ತು, ಆರೂ ಒಂದೇ ಪ್ರಿಂಟ್ ಸರ್ವರ್ ಮೇಲೆ. ಆ ಸರ್ವರ್ ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಸ್ಕ್ರಿಪ್ಟ್ ಮಾತ್ರ ಪ್ರತಿ ಬೆಳಿಗ್ಗೆ ನಿಷ್ಠೆಯಿಂದ ಒಂದೊಂದು ಪ್ರಿಂಟರಿನ ಹೆಸರು ಕೂಗಿ, ಉತ್ತರ ಬಾರದೆ ಸೋತು, ಮುಂದಿನದನ್ನು ಕೂಗುತ್ತಿತ್ತು. ಪರೀಕ್ಷೆಗೆ ಬಳಸಿದ ಖಾತೆಗಳು ಹೊಸದಾಗಿ ತೆರೆದವು, ಅವುಗಳಿಗೆ ಈ ಸ್ಕ್ರಿಪ್ಟ್ ಅಂಟಿರಲಿಲ್ಲ.

ಹಾಗಾದರೆ ಹಳೆಯ ಕಂಪ್ಯೂಟರಿನಲ್ಲೂ ಇಷ್ಟೇ ಹೊತ್ತು ಹಿಡಿಯುತ್ತಿತ್ತಲ್ಲವೇ ಎಂದು ಲೆಕ್ಕಪತ್ರ ವಿಭಾಗದ ಸೂಪರಿಂಟೆಂಡೆಂಟರನ್ನು ಕೇಳಿದೆ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದ ಹಿರಿಯರು. ನನ್ನನ್ನು ಮೊದಲ ದಿನದಿಂದಲೂ ‘ತಮ್ಮಾ’ ಎಂದೇ ಕರೆಯುತ್ತಿದ್ದರು.

“ಹಿಡಿಯುತ್ತಿತ್ತೋ ಏನೋ ತಮ್ಮಾ. ನಾವು ಬಟನ್ ಒತ್ತಿ, ಸಹಿ ಮಾಡಲು ಹೋಗಿ, ಡಬ್ಬಿ ಇಟ್ಟು, ಚಹಾ ಕುಡಿದು ಬರುತ್ತಿದ್ದೆವು. ಇವತ್ತು ನೀನು ಹೊಸದು ಕೊಟ್ಟಿದ್ದೀಯೆಂದು ನೋಡುತ್ತಾ ಕುಳಿತಿದ್ದೇವೆ.”

ಸ್ಕ್ರಿಪ್ಟ್ ತೆಗೆದೆವು, ಮರುದಿನದ ಲಾಗಿನ್ ಅರ್ಧ ನಿಮಿಷಕ್ಕೆ ಇಳಿಯಿತು. ಯಾರೂ ಗಮನಿಸಲಿಲ್ಲ. ಚಹಾ ಕುಡಿಯಲು ಹೋಗಿದ್ದರು.

ಅದೇ ಸೋಮವಾರ ಹನ್ನೊಂದರ ಸುಮಾರಿಗೆ ಟಪಾಲು ವಿಭಾಗದಿಂದ ಕರೆ ಬಂದಿತ್ತು. “ಸರ್, ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ ಬರುತ್ತಿಲ್ಲ.” ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲಿ ನೆರವಾಗುತ್ತಿದ್ದ ನಮ್ಮ ಕಂಪನಿಯ ಹುಡುಗನಿಗೆ ಈ ದೂರು ಅರ್ಥವೇ ಆಗಲಿಲ್ಲ. ಕೀಲಿಮಣೆಯಲ್ಲಿ ಅಂಥದ್ದೊಂದು ಕೀಲಿ ಇದೆಯೇ ಎಂದು ಕೇಳಿದ. ಅವನ ಲ್ಯಾಪ್‌ಟಾಪಿನಲ್ಲಿ ಅದು ಇರಲಿಲ್ಲ.

ಮಹಡಿ ಹತ್ತಿ ಹೋಗಿ ನೋಡಿದೆ. ಕರೆ ಮಾಡಿದ ಮೇಡಂ ಅವರ ಕೀಲಿಮಣೆಯಲ್ಲಿ ಪ್ರಿಂಟ್ ಸ್ಕ್ರೀನ್, ಪಾಜ್ ಎರಡೂ ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿದ್ದವು. ನಡುವಿನ ಸ್ಕ್ರೋಲ್ ಲಾಕ್ ಮೇಲಿನ ಅಕ್ಷರ ಪೂರ್ತಿ ಅಳಿಸಿ, ಪ್ಲಾಸ್ಟಿಕ್ ಸವೆದು ಬೆರಳಿನ ಗಾತ್ರದ ತಗ್ಗು ಬಿದ್ದಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ದಾಟುವ ಬಾಗಿಲು ಅದೇ ಕೀಲಿ. ಜಗತ್ತಿನ ಬೇರೆಲ್ಲಾ ಕಡೆ ಯಾರಿಗೂ ಬೇಡವಾದ ಕೀಲಿಯನ್ನು ನಮ್ಮ ಕಚೇರಿಗಳಲ್ಲಿ ದಿನಕ್ಕೆ ನೂರಾರು ಸಲ ಒತ್ತುತ್ತಾರೆ. ಮೇಡಂ ಪರದೆ ನೋಡಿ ಬೆರಳಚ್ಚಿಸುವವರಲ್ಲ, ಎಡಗಡೆ ಇಟ್ಟ ಕರಡನ್ನು ನೋಡುತ್ತಾ ಹೊಡೆಯುವವರು. ‘ಕರ್ನಾಟಕ’ ಎಂದು ಬೆರಳು ಆಡಿದರೆ ಪರದೆಯ ಮೇಲೆ ಕೆ, ಆರ್, ಎಫ್, ಎನ್, ಎ, ಕ್ಯೂ, ಕೆ ಎಂದು ಬೀಳುತ್ತಿತ್ತು. ಅರ್ಧ ಪುಟ ಹೀಗೆಯೇ ಬಿದ್ದಿತ್ತು.

ನುಡಿಯೇ ಕೆಟ್ಟಿದೆಯೋ, ಕೀಲಿ ಅಲ್ಲಿಗೆ ತಲುಪುತ್ತಿಲ್ಲವೋ? ವಿಂಡೋಸ್‌ನ ಪರದೆಯ ಮೇಲಿನ ಕೀಲಿಮಣೆ ತೆರೆದು ಅಲ್ಲಿ ಸ್ಕ್ರೋಲ್ ಲಾಕ್ ಅನ್ನು ಮೌಸಿನಿಂದ ಒತ್ತಿದೆ. ಕನ್ನಡ ಬಂತು. ಅಂದರೆ ಗೋಲ್ಡನ್ ಇಮೇಜ್‌ನಲ್ಲಿನ ನುಡಿ ಸರಿಯಿದೆ, ಕೀಲಿಯ ಸುದ್ದಿ ಮೇಜಿನ ಮೇಲಿನ ಯಂತ್ರದಲ್ಲೇ ಸಾಯುತ್ತಿದೆ. ಆಮೇಲೆ ಕಾರಣ ಹೊಳೆಯಿತು. ಕ್ಯಾಪ್ಸ್ ಲಾಕ್, ನಮ್ ಲಾಕ್, ಸ್ಕ್ರೋಲ್ ಲಾಕ್ ಈ ಮೂರರ ಸ್ಥಿತಿ ಎರಡೂ ಕಡೆ ಒಂದೇ ಆಗಿರಬೇಕೆಂದು ದೂರದ ಡೆಸ್ಕ್‌ಟಾಪ್ ತಂತ್ರಾಂಶಗಳು ಸರಿಹೊಂದಿಸುತ್ತವೆ. ಆ ಪುಟ್ಟ ಲಿನಕ್ಸ್‌ನಲ್ಲಿ ಸ್ಕ್ರೋಲ್ ಲಾಕ್‌ಗೆ ಯಾವ ಕೆಲಸವನ್ನೂ ಒಪ್ಪಿಸಿರಲಿಲ್ಲ. ಒತ್ತಿದರೂ ದೀಪ ಹತ್ತುವುದಿಲ್ಲ, ‘ಹತ್ತಿಲ್ಲ’ ಎಂಬ ಸ್ಥಿತಿಯೇ ಆ ಕಡೆಗೂ ಹೋಗುತ್ತದೆ. ಒಂದು ಸಾಲಿನ ಆಜ್ಞೆ ಬರೆದು ಆ ಕೀಲಿಗೆ ಕೆಲಸ ಹಚ್ಚಿದ ಮೇಲೆ ಕೀಲಿಮಣೆಯ ಮೂರನೇ ದೀಪ ಹತ್ತಿತು. ಮೇಡಂ ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ ಆ ಅರ್ಧ ಪುಟವನ್ನು ಅಳಿಸಿ ಮತ್ತೆ ಹೊಡೆಯತೊಡಗಿದರು. ಧನ್ಯವಾದ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಮಧ್ಯಾಹ್ನದ ಟಪಾಲಿಗೆ ಆ ಪತ್ರ ಹೋಗಬೇಕಿತ್ತು.

ಆ ಸಾಲನ್ನು ಎಲ್ಲ ಯಂತ್ರಗಳಿಗೂ ಕಳಿಸಲು ಹತ್ತು ನಿಮಿಷ ಸಾಕಾಯಿತು. ಹಿಂದಿನ ವ್ಯವಸ್ಥೆಯಲ್ಲಾದರೆ ನಾಲ್ಕು ಮಹಡಿ ಸುತ್ತಬೇಕಿತ್ತು.

ಡಿಜಿಟಲ್ ಸಹಿಯ ಟೋಕನ್‌ಗಳದ್ದು ಸಣ್ಣ ತರಲೆ. ಯುಎಸ್‌ಬಿಗೆ ಚುಚ್ಚುವ ಆ ಪುಟ್ಟ ಟೋಕನ್ ಅನ್ನು ಸರ್ವರ್‌ನ ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ಸಾಧನವೆಂದು ಇಡಿಯಾಗಿ ದಾಟಿಸಬೇಕೋ, ಸ್ಮಾರ್ಟ್ ಕಾರ್ಡ್ ಎಂದು ದಾಟಿಸಬೇಕೋ ಎಂಬುದನ್ನು ಟೋಕನ್‌ನ ತಯಾರಕರನ್ನು ನೋಡಿ ತೀರ್ಮಾನಿಸಬೇಕು. ಎರಡೂ ದಾರಿ ಒಟ್ಟಿಗೆ ತೆರೆದಿಟ್ಟರೆ ಅದು ಯಾವುದರಲ್ಲೂ ಸರಿಯಾಗಿ ಬರುವುದಿಲ್ಲ. ಪ್ರಿಂಟರಿನ ಕಥೆ ಇನ್ನೂ ಜೋರು. ನಗದು ವಿಭಾಗದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಎರಡೂ ಬದಿಗೆ ರಂಧ್ರವಿರುವ ಉದ್ದನೆಯ ಕಾಗದದ್ದು, ಅಂದು ಒಂದು ಚಲನ್ ಮುದ್ರಿಸಲು ತೆಗೆದುಕೊಂಡ ಹೊತ್ತಿನಲ್ಲಿ ಸರದಿಯಲ್ಲಿದ್ದವರು ಕುಳಿತುಬಿಟ್ಟರು. ವರ್ಚುವಲ್ ಪ್ರಿಂಟಿಂಗ್‌ನ ಸಾರ್ವತ್ರಿಕ ಡ್ರೈವರ್ ಅಕ್ಷರಗಳನ್ನು ಅಕ್ಷರವೆಂದು ಕಳಿಸದೆ ಚಿತ್ರ ಮಾಡಿ ಕಳಿಸುತ್ತದೆ. ಪಾಪ, ಆ ಪ್ರಿಂಟರು ಪ್ರತಿ ಸಾಲಿಗೂ ಹಲವು ಸಲ ಹೋಗಿ ಬಂದು ಕಿರ್ರೆಂದು ಚುಕ್ಕೆ ಚುಕ್ಕೆಯಾಗಿ ಕೆತ್ತುತ್ತಿತ್ತು. ವಿಂಡೋಸ್‌ನಲ್ಲೇ ಇರುವ, ಬರೀ ಪಠ್ಯ ಕಳಿಸುವ ಹಳೆಯ ಡ್ರೈವರ್‌ಗೆ ಬದಲಾಯಿಸಿದ ಮೇಲೆ ಎಂದಿನ ಸದ್ದಿಗೆ ಮರಳಿತು. ನಗದು ಗುಮಾಸ್ತರು ತಲೆಯೆತ್ತದೆ, “ಈಗ ಸರಿಯಾಗಿದೆ, ಸದ್ದಿನಲ್ಲೇ ಗೊತ್ತಾಯಿತು” ಎಂದರು.

ನಾನು ಹೆಚ್ಚು ಹೊತ್ತು ಕಳೆದದ್ದು ಮಾತ್ರ ಸೂಪರಿಂಟೆಂಡೆಂಟರ ಮೇಜಿನಲ್ಲಿ. ಅವರ ಕಡತಗಳೆಲ್ಲ ಬಂದಿದ್ದವು, ಒಂದೂ ತಪ್ಪಿರಲಿಲ್ಲ. ಆದರೂ ಅವರು, “ನನ್ನ ಕೆಲಸವೆಲ್ಲ ಕಲಸಿಹೋಗಿದೆ ತಮ್ಮಾ” ಎನ್ನುತ್ತಿದ್ದರು. ಕಡತ ಎಣಿಸಿ ತೋರಿಸಿದೆ. ಎಣಿಕೆ ಸರಿಯಿದೆ ಎಂದು ಒಪ್ಪಿದರು, ಕಲಸಿಹೋಗಿದೆ ಎನ್ನುವುದನ್ನು ಬಿಡಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಚೌಕ ಬರೆದು ವಿವರಿಸಿದರು. ಪರದೆಯ ಎಡ ಅಂಚಿನಲ್ಲಿರುವುದು ಬಾಕಿ ಬಿಲ್ಲು. ನಡುವೆ ಇರುವುದು ಆಕ್ಷೇಪಣೆ ಹಾಕಿ ವಾಪಸು ಕಳಿಸಿದ್ದು. ಬಲಗಡೆಯದು ಮಂಜೂರಾದದ್ದು. ಕೆಳಗಿನ ಮೂಲೆಯಲ್ಲಿ ಇರುವುದು ಸಾಹೇಬರು ಕೇಳುವವರೆಗೆ ಮುಟ್ಟಬಾರದ್ದು. ಕಡತಗಳ ಹೆಸರೆಲ್ಲ ‘ಬಿಲ್ 1’, ‘ಬಿಲ್ 1 ಹೊಸದು’, ‘ಬಿಲ್ 1 ಹೊಸದು ಕೊನೆಯದು’ ಎಂಬಂಥವು. ಹೆಸರಿನಿಂದ ಏನೂ ತಿಳಿಯದು, ಜಾಗದಿಂದಲೇ ತಿಳಿಯಬೇಕು. ಹೊಸ ಡೆಸ್ಕ್‌ಟಾಪ್ ಮೊದಲ ಸಲ ತೆರೆದಾಗ ಪರದೆಯ ಅಳತೆ ಬೇರೆಯಾಗಿ ವಿಂಡೋಸ್ ಎಲ್ಲವನ್ನೂ ಎಡಗಡೆಗೆ ಒತ್ತರಿಸಿ ಸಾಲಾಗಿ ನಿಲ್ಲಿಸಿಬಿಟ್ಟಿತ್ತು. ಇಡೀ ವಿಭಾಗದ ಮಂಜೂರಾದ ಬಿಲ್ಲುಗಳೆಲ್ಲ ಬಾಕಿಯಾಗಿದ್ದವು.

ಕಡತ ಉಳಿಸುವ ಬಗ್ಗೆ ನಮ್ಮ ಉದ್ಯಮದಲ್ಲಿ ಬೇಕಾದಷ್ಟು ಸಲಕರಣೆಗಳಿವೆ. ಈ ಪೆನ್ಸಿಲ್ ಚಿತ್ರದಲ್ಲಿದ್ದುದನ್ನು ಉಳಿಸುವ ಸಲಕರಣೆ ನನ್ನ ಬಳಿ ಇರಲಿಲ್ಲ. ಹಳೆಯ ಡಿಸ್ಕ್ ಅಳಿಸುವ ಮುನ್ನ ತೆಗೆದಿಟ್ಟ ಒಂದು ಪ್ರತಿ ಇತ್ತು. ಅದನ್ನೇ ಒಂದು ವರ್ಚುವಲ್ ಯಂತ್ರವಾಗಿ ಎಬ್ಬಿಸಿ, ಅವರ ಖಾತೆಯಲ್ಲಿ 1366×768ರ ಅಳತೆಗೆ ಪರದೆ ತೆರೆದು, ಆ ಚಿತ್ರವನ್ನು ಮುದ್ರಿಸಿ ಕೊಟ್ಟೆ. ಅವರು ಊಟ ಬಿಟ್ಟು ಒಂದೊಂದೇ ಐಕಾನ್ ಎಳೆದು ಸ್ವಸ್ಥಾನಕ್ಕೆ ಸೇರಿಸುತ್ತಾ ಕುಳಿತರು. ಬಾಕಿ, ಮಂಜೂರು ಎಂದು ಫೋಲ್ಡರ್ ಮಾಡಿಕೊಳ್ಳಬಹುದಲ್ಲ ಎಂದು ನಾನು ಹೇಳಬಹುದಿತ್ತು. ಹಾಗೆ ಹೇಳಬಾರದೆಂದು ಈ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದವನಿಗೆ ತಿಳಿಯಬೇಕು. ಕಣ್ಣಿಗೆ ಒಂದೇ ನೋಟಕ್ಕೆ ಇಡೀ ತಿಂಗಳು ಕಾಣುವ ವ್ಯವಸ್ಥೆ ಅದು. ಫೋಲ್ಡರ್ ಅದಕ್ಕೆ ಸಾಟಿಯಲ್ಲ.

ಎರಡೂವರೆಗೆ ಕರೆಂಟ್ ಹೋಯಿತು. ಸರ್ವರ್ ಕೋಣೆಗೆ ಯುಪಿಎಸ್ಸೂ ಜನರೇಟರೂ ಇದ್ದವು, ಮೇಲಿನ ವಿಭಾಗಗಳ ಯುಪಿಎಸ್ ಬ್ಯಾಟರಿಗಳು ಎಂದೋ ಸತ್ತಿದ್ದವು. ಪರದೆಗಳೆಲ್ಲ ಒಮ್ಮೆಲೇ ಕಪ್ಪಾದವು. ಟಪಾಲು ಮೇಡಂ ಎರಡನೇ ಪತ್ರದ ನಡುವಿನಲ್ಲಿದ್ದರು, ಸೇವ್ ಮಾಡಿರಲಿಲ್ಲ. ಕರೆಂಟ್ ಬಂದು ಅವರು ಮತ್ತೆ ಲಾಗಿನ್ ಆದಾಗ ಪತ್ರ ತೆರೆದೇ ಇತ್ತು, ‘ಮೇಲ್ಕಂಡ ವಿಷಯಕ್ಕೆ’ ಎಂಬಲ್ಲಿ ಕರ್ಸರ್ ಮಿನುಗುತ್ತಿತ್ತು. ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಓಡುತ್ತಲೇ ಇರುತ್ತದೆ, ಎರಡು ಗಂಟೆ ಕಾದು ಆಮೇಲೆ ತಾನಾಗಿ ಮುಚ್ಚುವಂತೆ ನಿಗದಿಪಡಿಸಿದ್ದೆವು. ಈ ವ್ಯವಸ್ಥೆಯ ಗುಣಗಳನ್ನು ಸ್ಲೈಡ್ ತೋರಿಸಿ ಮೂರು ಸಭೆಗಳಲ್ಲಿ ವಿವರಿಸಿದಾಗ ಯಾರೂ ತಲೆದೂಗಿರಲಿಲ್ಲ. ಈಗ ಮೇಡಂ ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಅವರು ತಮ್ಮದನ್ನೂ ತೆರೆದು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಆ ಮಹಡಿಗೆಲ್ಲ ಸುದ್ದಿ ಮುಟ್ಟಿತು.

ಸಂಜೆ ಆಡಳಿತಾಧಿಕಾರಿಗಳು ವಿಭಾಗಗಳನ್ನು ಸುತ್ತಲು ಬಂದರು. ಕರೆಂಟಿನ ವಿಷಯ ಅವರ ಕಿವಿಗೂ ಬಿದ್ದಿತ್ತು, ಖುಷಿಯಲ್ಲಿದ್ದರು. ಸೂಪರಿಂಟೆಂಡೆಂಟರ ಮೇಜಿನ ಬಳಿ ನಿಂತು, ಇನ್ನು ಮುಂದೆ ಮನೆಯ ಕಂಪ್ಯೂಟರಿನಿಂದಲೂ ಇದೇ ಡೆಸ್ಕ್‌ಟಾಪ್ ತೆರೆಯಬಹುದು, ಮಾರ್ಚ್ ತಿಂಗಳ ಲೆಕ್ಕಕ್ಕೆ ರಾತ್ರಿಯವರೆಗೆ ಕಚೇರಿಯಲ್ಲಿ ಕೂರಬೇಕಿಲ್ಲ ಎಂದು ಹೇಳಿ, ಹೌದಲ್ಲ ಎಂಬಂತೆ ನನ್ನ ಕಡೆ ನೋಡಿದರು. ಹೌದು ಸರ್, ಹೊರಗಿನಿಂದ ಬರಲು ಗೇಟ್‌ವೇ ಹಾಕಿಯಾಗಿದೆ, ಒಟಿಪಿ ಜೋಡಿಸಿದರೆ ಮುಗಿಯಿತು ಎಂದೆ.

ಸೂಪರಿಂಟೆಂಡೆಂಟರು ಎದ್ದು ನಿಂತು ವಿನಯದಿಂದಲೇ ಹೇಳಿದರು: “ಉಳಿದವರಿಗೆಲ್ಲ ಕೊಡಿ ಸಾಹೇಬರೇ. ನನ್ನ ಹೆಸರು ಆ ಪಟ್ಟಿಯಲ್ಲಿ ಬೇಡ. ಮನೆಯಲ್ಲಿ ಇದು ಬರುತ್ತದೆ ಎಂದು ನಮ್ಮ ಮನೆಯವರಿಗೆ ಗೊತ್ತಾದರೆ, ಕಚೇರಿಗೆ ಯಾಕೆ ಹೋಗುತ್ತೀರಿ ಎಂದು ಕೇಳುತ್ತಾರೆ.”

ಪಟ್ಟಿಯಿಂದ ಆ ಹೆಸರು ತೆಗೆದು 239 ಮಾಡಿದೆ.